ನೀರು ತಡೆಯುವ ತೆಳು ಟ್ಯಾಬ್: ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮ

ಬೇಸಾಯಗಾರನಿಗೆ ಬೀಜ, ಗೊಬ್ಬರ, ನೀರುಗಳಷ್ಟೇ ಸಕಾಲದ ಮಾಹಿತಿಯೂ ಮುಖ್ಯ. ಆಕಾಶವಾಣಿಯ ಕೃಷಿರಂಗ ಕಾರ್ಯಕ್ರಮವನ್ನು ಟ್ರಾನ್ಸಿಸ್ಟರಿನಲ್ಲಿ ಕೇಳಿ ಬೇಸಾಯ ಕ್ರಮಗಳನ್ನು ತಿದ್ದಿಕೊಂಡ ಹಿರಿಯರು ಕಡೂರು ಸೀಮೆಯಲ್ಲಿ ಇಂದಿಗೂ ಇದ್ದಾರೆ. ಈಗ ಅದೇ ಮಾಹಿತಿ ಚಿತ್ರ ಸಹಿತ ಅಂಗೈಗೆ ಬರುತ್ತಿದೆ. ಫೋನಿನ ಪರದೆ ಚಿಕ್ಕದಾಯಿತೆಂದು ಅನೇಕ ಕುಟುಂಬಗಳು ಟ್ಯಾಬ್ಲೆಟ್, ಅಂದರೆ ಆಡುಮಾತಿನ ‘ಟ್ಯಾಬ್’, ಕೊಳ್ಳುವ ಯೋಚನೆ ಮಾಡುತ್ತಿವೆ. ಅಂಗಡಿಯಲ್ಲಿ ‘ಇದು ತೆಳು, ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ’ ಎಂಬ ಮಾತು ಕೇಳಿ ಹೆಚ್ಚಿನ ಬೆಲೆ ಕೊಡುವವರೂ ಇದ್ದಾರೆ. ಆ ಹೆಚ್ಚಿನ ಹಣ ಯಾರಿಗೆ ಸಾರ್ಥಕ, ಯಾರಿಗೆ ದಂಡ ಎಂಬುದನ್ನು ಸ್ವತಃ ನಿರ್ಧರಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಸಿಂಗಟಗೆರೆ ಹೋಬಳಿಯ ಹವೆ ಮತ್ತು ಬೇಸಾಯವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಟ್ಯಾಬಿನಿಂದ ಆಗುವ ಪ್ರಯೋಜನ

ಹತ್ತು ಅಂಗುಲದ ಟ್ಯಾಬಿನಲ್ಲಿ ವಿಡಿಯೋ ಚಿತ್ರದ ವಿಸ್ತಾರ, ಆರೂವರೆ ಅಂಗುಲದ ಫೋನಿನಲ್ಲಿ ಕಾಣುವ ಚಿತ್ರದ ಸುಮಾರು ಮೂರರಷ್ಟು ಇರುತ್ತದೆ. ಇದು ಬರಿಯ ಮನರಂಜನೆಯ ಮಾತಲ್ಲ. ಭಾರತದಲ್ಲಿ 2016ರಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿ ನೊಣ ತೆಂಗಿನ ಗರಿಯ ತಳಭಾಗದಲ್ಲಿ ಸುರುಳಿಯಾಕಾರದಲ್ಲಿ ಮೊಟ್ಟೆಯಿಡುತ್ತದೆ. ಈ ಗುರುತನ್ನು ಚಿಕ್ಕ ಪರದೆಯಲ್ಲಿ ತೋರಿಸಿದರೆ ಕಣ್ಣು ಮಂಜಾದ ಹಿರಿಯರಿಗೆ ತಿಳಿಯುವುದು ಕಷ್ಟ. ದೊಡ್ಡ ಪರದೆಯಲ್ಲಿ ನಾಲ್ಕು ಜನ ಒಟ್ಟಿಗೆ ಕುಳಿತು ನೋಡಬಹುದು. ಕೃಷಿ ವಿಶ್ವವಿದ್ಯಾನಿಲಯಗಳ ವಿಡಿಯೋಗಳು, ಹವಾಮಾನ ಆಧಾರಿತ ಸಲಹೆ ನೀಡುವ ‘ಮೇಘದೂತ್’ ಆ್ಯಪ್, ಮಾರುಕಟ್ಟೆ ಧಾರಣೆ, ಪಹಣಿ ಇವೆಲ್ಲವನ್ನೂ ಕನ್ನಡಕ ಹುಡುಕದೆ ಓದಿಕೊಳ್ಳಬಹುದು. ಮಕ್ಕಳ ಪಾಠಕ್ಕೂ ಅನುಕೂಲ.

ಆದರೆ ಜೇಬಿನಲ್ಲಿ ಹಿಡಿಸದ, ಅರ್ಧ ಕಿಲೋ ತೂಗುವ ಈ ಸಾಧನವನ್ನು ಎಲ್ಲಿ ಇಟ್ಟು ಬಳಸುತ್ತೇವೆ ಎಂಬುದೇ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

‘ಐಪಿ’ ಅಂಕೆಯನ್ನು ಓದುವ ಬಗೆ

ದೂಳು ಮತ್ತು ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಲ್ಲಿ ಸೂಚಿಸುತ್ತಾರೆ. ಇದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60529ನೇ ಮಾನಕ. ನಮ್ಮ ಪಂಪ್‌ಸೆಟ್ ಮೋಟಾರಿನ ಫಲಕದ ಮೇಲೂ ಇದೇ ಗುರುತು ಇರುತ್ತದೆ.

ಮೊದಲ ಅಂಕೆ ದೂಳಿಗೆ ಸಂಬಂಧಿಸಿದ್ದು. 5 ಎಂದರೆ ಸ್ವಲ್ಪ ದೂಳು ಒಳಸೇರಬಹುದು, ಆದರೆ ಕೆಲಸ ಕೆಡುವುದಿಲ್ಲ. 6 ಎಂದರೆ ದೂಳು ಒಳಗೆ ಹೋಗುವುದೇ ಇಲ್ಲ. ಅಂಕೆಯ ಬದಲು ‘ಎಕ್ಸ್’ ಎಂದಿದ್ದರೆ ದೂಳಿನ ಬಗ್ಗೆ ತಯಾರಕರು ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂದು ತಿಳಿಯಬೇಕು.

ಎರಡನೆಯ ಅಂಕೆ ನೀರಿಗೆ ಸಂಬಂಧಿಸಿದ್ದು. 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಗಳನ್ನು ತಡೆಯುತ್ತದೆ. 5 ಎಂದರೆ ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ಹರಿಯುವ ನೀರಿನ ಧಾರೆಯನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗುವಷ್ಟು ನೀರು ಒಳಸೇರುವುದಿಲ್ಲ. 8 ಎಂದರೆ ಅದಕ್ಕೂ ಕಠಿಣವಾದ, ತಯಾರಕರೇ ತಿಳಿಸಿದ ಆಳ ಮತ್ತು ಅವಧಿಗೆ ತಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಳುಗುವ ಪರೀಕ್ಷೆಯಲ್ಲಿ ಗೆದ್ದ ಸಾಧನ ಧಾರೆಯ ಪರೀಕ್ಷೆಯಲ್ಲೂ ಗೆದ್ದಿದೆ ಎಂದು ಭಾವಿಸಬಾರದು. ಇವು ಬೇರೆ ಬೇರೆ ಪರೀಕ್ಷೆಗಳು. ಸೋನಿ ಕಂಪನಿಯು 2013ರಲ್ಲಿ ಹೊರತಂದ ಎಕ್ಸ್‌ಪೀರಿಯಾ ಟ್ಯಾಬ್ಲೆಟ್ ಝಡ್ ಎಂಬ ಟ್ಯಾಬಿಗೆ ‘ಐಪಿ 55/57’ ಎಂದು ಎರಡು ಗುರುತು ಕೊಟ್ಟದ್ದು ಈ ಕಾರಣದಿಂದಲೇ. ‘ಐಪಿ 68’ ಎಂದಷ್ಟೇ ಇರುವ ಟ್ಯಾಬನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಅಥವಾ ಪೈಪಿನ ನೀರಿಗೆ ಒಡ್ಡುವುದು ಸರಿಯಲ್ಲ.

ಪ್ರಯೋಗಾಲಯದ ನೀರು, ತೋಟದ ನೀರು

ಮೇಲಿನ ಪರೀಕ್ಷೆಗಳನ್ನು ಹೊಸ ಸಾಧನದ ಮೇಲೆ, ಶುದ್ಧವಾದ ಸಿಹಿ ನೀರಿನಲ್ಲಿ ಮಾಡುತ್ತಾರೆ. ನಮ್ಮಲ್ಲಿ ಟ್ಯಾಬಿನ ಮೇಲೆ ಬೀಳುವುದು ಬರಿಯ ನೀರಲ್ಲ. ಯೂರಿಯಾ ಕರಗಿಸಿದ ನೀರು, ಸಿಂಪರಣೆಯ ಔಷಧಿ, ಗಂಜಲ, ಸೋಪಿನ ನೊರೆ, ಹಾಲು, ಅಡಿಕೆಯ ಚೊಗರು ಇವುಗಳಿಗೆ ಐಪಿ ಅಂಕೆ ಅನ್ವಯಿಸುವುದಿಲ್ಲ. ಔಷಧಿಗಳಲ್ಲಿರುವ ದ್ರಾವಕಗಳು ಅಂಟು ಮತ್ತು ರಬ್ಬರನ್ನು ಮೆತ್ತಗೆ ಮಾಡಬಲ್ಲವು. ಲವಣದ ನೀರು ಚಾರ್ಜ್ ಮಾಡುವ ತೂತಿನಲ್ಲಿ ಉಳಿದರೆ ಲೋಹ ಕಿಲುಬು ಹಿಡಿಯುತ್ತದೆ.

ಇದಲ್ಲದೆ ತಡೆಯುವ ಗುಣ ಕಾಲಕ್ರಮೇಣ ಕುಗ್ಗುತ್ತದೆ. ಒಮ್ಮೆ ಕಲ್ಲಿನ ಮೇಲೆ ಬಿದ್ದು ಅಂಚು ನೆಗ್ಗಿದರೆ, ಇಲ್ಲವೆ ಪರದೆ ಬದಲಿಸಲು ಬಿಚ್ಚಿ ಮುಚ್ಚಿದರೆ, ಹಳೆಯ ಅಂಕೆಯನ್ನು ನಂಬುವಂತಿಲ್ಲ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ದೊರೆಯುವುದಿಲ್ಲ. ವಾರಂಟಿ ಕಾಗದದಲ್ಲಿ ಈ ಭಾಗವನ್ನು ಓದಿಸಿ ಕೇಳಿಯೇ ಹಣ ಕೊಡಿ.

ಜಾಹೀರಾತಿನ ಚಿತ್ರ ನಂಬಿ ಮೋಸಹೋಗುವುದು ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ ಸ್ಯಾಮ್‌ಸಂಗ್ ಕಂಪನಿಯು ತನ್ನ ಕೆಲವು ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲೂ ಸಮುದ್ರದಲ್ಲೂ ಬಳಸಬಹುದೆಂಬಂತೆ ಪ್ರಚಾರ ಮಾಡಿತ್ತು. ಒದ್ದೆಯಾಗಿರುವಾಗಲೇ ಚಾರ್ಜಿಗೆ ಹಾಕಿದರೆ ತೂತು ಕಿಲುಬಿ ಫೋನು ಕೆಡುವ ಸಂಭವವಿತ್ತು. ಅಲ್ಲಿನ ಗ್ರಾಹಕ ಆಯೋಗ 2019ರಲ್ಲಿ ಮೊಕದ್ದಮೆ ಹೂಡಿತು. 2022ರ ಜೂನ್‌ನಲ್ಲಿ ನ್ಯಾಯಾಲಯ 1 ಕೋಟಿ 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ನೀರು ತಡೆಯುವ ಗುಣ ಅಕಸ್ಮಾತ್ತಿಗೆ ಒಂದು ರಕ್ಷಣೆ ಮಾತ್ರ, ನೀರಿನಲ್ಲಿ ಬಳಸಲು ಪರವಾನಗಿ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಮಾತು. ಟ್ಯಾಬಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತದೆ. ಅದರ ಮೇಲೆ ಹನಿ ಬಿದ್ದಾಗ ಬೆರಳು ಯಾವುದು, ನೀರು ಯಾವುದು ಎಂದು ತಿಳಿಯದೆ ತಾನಾಗಿ ಓಡಾಡತೊಡಗುತ್ತದೆ. ಆದ್ದರಿಂದ ಮಳೆಯಲ್ಲಿ ಟ್ಯಾಬ್ ಕೆಡದಿದ್ದರೂ ಅದರಿಂದ ಕೆಲಸ ತೆಗೆಯುವುದು ಕಷ್ಟವೇ.

ಸಿಂಗಟಗೆರೆಯ ಹವೆಗೆ ಯಾವುದು ಮುಖ್ಯ?

ಕಡೂರು ತಾಲ್ಲೂಕಿನ ಬಯಲು ಭಾಗ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಂತಲ್ಲ. ಮೂಡಿಗೆರೆ, ಕೊಪ್ಪಗಳಲ್ಲಿ ತಿಂಗಳುಗಟ್ಟಲೆ ಸುರಿಯುವ ಮಳೆ ಸಿಂಗಟಗೆರೆಯಲ್ಲಿಲ್ಲ. ಇಲ್ಲಿ ದಿನನಿತ್ಯದ ಶತ್ರುಗಳು ಮೂರು: ಆಷಾಢದ ಗಾಳಿ ಮತ್ತು ರಾಗಿ ಒಕ್ಕಣೆಯ ದೂಳು, ಬೇಸಿಗೆಯ ಕಾವು, ಕಣ್ಣು ಕುಕ್ಕುವ ಬಿಸಿಲು. ಆದುದರಿಂದ ಇಲ್ಲಿನ ರೈತರು ಐಪಿ ಗುರುತಿನ ಎರಡನೆಯ ಅಂಕೆಗಿಂತ ಮೊದಲ ಅಂಕೆಗೆ ಹೆಚ್ಚು ಗಮನ ಕೊಡುವುದು ಒಳ್ಳೆಯದು.

ಕಾವಿನ ವಿಷಯದಲ್ಲಿ ಹಲವು ತಯಾರಕರು 35 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಬಳಸಬೇಡಿ ಎನ್ನುತ್ತಾರೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲಿ ನೆರಳಿನಲ್ಲೇ ಅಷ್ಟು ಕಾವು ಇರುವ ದಿನಗಳುಂಟು. ಟ್ರ್ಯಾಕ್ಟರ್ ಸೀಟಿನ ಮೇಲೆ, ಪಂಪ್‌ಹೌಸಿನ ತಗಡಿನ ಸೂರಿನಡಿ ಬಿಟ್ಟ ಟ್ಯಾಬಿನ ಬ್ಯಾಟರಿ ಬೇಗ ಸಾಯುತ್ತದೆ. ಇದನ್ನು ಯಾವ ಐಪಿ ಅಂಕೆಯೂ ತಪ್ಪಿಸಲಾರದು.

ತೆಳುವಾಗಿದ್ದರೆ ಒಳ್ಳೆಯದೇ?

ಸೋನಿಯ ಮೇಲೆ ಹೇಳಿದ ಟ್ಯಾಬ್ 6.9 ಮಿಲಿಮೀಟರ್ ದಪ್ಪ, 495 ಗ್ರಾಂ ತೂಕವಿತ್ತು. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್ 9 ಎಫ್‌ಇ 6.5 ಮಿಲಿಮೀಟರ್ ದಪ್ಪವಿದ್ದು ಐಪಿ 68 ಗುರುತು ಹೊಂದಿದೆ. ಹೊರಗಿನ ಕೆಲಸಕ್ಕೆಂದೇ 2020ರಲ್ಲಿ ತಯಾರಾದ ಗ್ಯಾಲಕ್ಸಿ ಟ್ಯಾಬ್ ಆಕ್ಟಿವ್ 3 ಸುಮಾರು 10 ಮಿಲಿಮೀಟರ್ ದಪ್ಪ. ಆದರೆ ಅದರ ಬ್ಯಾಟರಿಯನ್ನು ಕಳಚಿ ಬದಲಿಸಬಹುದು.

ತೆಳುತನದಿಂದ ಕೈಗೆ ಹಗುರ, ನೋಟಕ್ಕೆ ಚೆಂದ. ಆದರೆ ಗೊಬ್ಬರದ ಚೀಲದ ಅಡಿ ಸಿಕ್ಕರೆ, ಅರಿಯದೆ ಮೇಲೆ ಕುಳಿತರೆ ಬಾಗುವುದು ತೆಳುವಾದದ್ದೇ ಮೊದಲು. ಒಳಗಿನ ಸ್ಪೀಕರ್ ಚಿಕ್ಕದಾಗಬೇಕಾಗುತ್ತದೆ. ಹೇಗಿದ್ದರೂ ಕಾಪಾಡಲು ದಪ್ಪ ಕವಚ ಹಾಕಲೇಬೇಕು. ಕವಚ ಹಾಕಿದ ಮೇಲೆ ಅರ್ಧ ಮಿಲಿಮೀಟರಿನ ವ್ಯತ್ಯಾಸಕ್ಕೆ ಕೊಟ್ಟ ಹಣ ಕವಚದೊಳಗೇ ಮರೆಯಾಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

1. ಬಿಸಿಲಿನ ಪರೀಕ್ಷೆ: ಅನುಮತಿ ಪಡೆದು ಟ್ಯಾಬನ್ನು ಅಂಗಡಿಯ ಹೊರಗೆ ತನ್ನಿ. ಬೆಳಕನ್ನು ಪೂರ್ತಿ ಹೆಚ್ಚಿಸಿ ಕನ್ನಡದ ಒಂದು ಪುಟ ಓದಿ. ನಿಮ್ಮ ಮುಖವೇ ಪರದೆಯಲ್ಲಿ ಕಾಣುತ್ತಿದ್ದರೆ ಅದು ಹೊಲಕ್ಕೆ ಆಗುವುದಿಲ್ಲ.

2. ಶಬ್ದದ ಪರೀಕ್ಷೆ: ಮಾತಿನ ವಿಡಿಯೋ ಹಾಕಿ ನಾಲ್ಕು ಹೆಜ್ಜೆ ದೂರ ನಿಂತು ಕೇಳಿ. ಹಾಡಿಗಿಂತ ಮಾತು ಸ್ಪಷ್ಟವಾಗಿ ಕೇಳುವುದು ಮುಖ್ಯ.

3. ಹಿಡಿತದ ಪರೀಕ್ಷೆ: ಒಂದೇ ಕೈಯಲ್ಲಿ ಐದು ನಿಮಿಷ ಹಿಡಿಯಿರಿ. ಮನೆಯ ಹಿರಿಯರ ಕೈಗೂ ಕೊಟ್ಟು ನೋಡಿ.

4. ಮುಚ್ಚಳಗಳ ಪರೀಕ್ಷೆ: ಸಿಮ್ ತಟ್ಟೆಯ ರಬ್ಬರ್ ಸರಿಯಾಗಿ ಕೂರುತ್ತದೆಯೇ ನೋಡಿ. ಹಳೆಯ ಮಾದರಿಗಳಲ್ಲಿ ಚಾರ್ಜ್ ತೂತಿಗೂ ಮುಚ್ಚಳವಿರುತ್ತದೆ. ಅದು ಸಡಿಲವಾದರೆ ನೀರು ತಡೆಯುವ ಗುಣವೇ ಹೋದಂತೆ.

5. ಸಂಪರ್ಕದ ಪರೀಕ್ಷೆ: ವೈಫೈ ಮಾತ್ರವೇ, ಸಿಮ್ ಸಹ ಹಾಕಬಹುದೇ ಎಂದು ಕೇಳಿ. ವೈಫೈ ಮಾತ್ರ ಇದ್ದರೆ ಫೋನಿನಿಂದ ಇಂಟರ್‌ನೆಟ್ ಹಂಚಿಕೊಳ್ಳಬೇಕಾಗುತ್ತದೆ. ಸಿಗ್ನಲ್ ಇಲ್ಲದ ತೋಟದಲ್ಲಿ ನೋಡಲು ವಿಡಿಯೋಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವಷ್ಟು ಜಾಗ ಬೇಕು. ಮೆಮೊರಿ ಕಾರ್ಡ್ ಹಾಕುವ ಅವಕಾಶವಿದ್ದರೆ ಉತ್ತಮ.

6. ಮುಂದಿನ ವರ್ಷಗಳ ಪರೀಕ್ಷೆ: ತಂತ್ರಾಂಶದ ಪರಿಷ್ಕರಣೆ ಎಷ್ಟು ವರ್ಷ ದೊರೆಯುವುದು, ದುರಸ್ತಿ ಕೇಂದ್ರ ಕಡೂರಿನಲ್ಲಿದೆಯೇ, ಚಿಕ್ಕಮಗಳೂರಿಗೆ ಹೋಗಬೇಕೇ ಎಂದು ವಿಚಾರಿಸಿ. ಅಗ್ಗಕ್ಕೆ ಸಿಕ್ಕಿತೆಂದು ಹತ್ತು ವರ್ಷದ ಹಳೆಯ ಟ್ಯಾಬ್ ಕೊಳ್ಳಬೇಡಿ. ಗಾಜು, ಬ್ಯಾಟರಿ ಚೆನ್ನಾಗಿದ್ದರೂ ಈಗಿನ ಅನೇಕ ಆ್ಯಪ್‌ಗಳು ಅದರಲ್ಲಿ ನಡೆಯುವುದಿಲ್ಲ.

ಅಂಗಡಿಯವರು ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಿದರೆ ಅದನ್ನು ಪರೀಕ್ಷೆಯೆಂದು ತಿಳಿಯಬೇಡಿ. ಮುಳುಗಿಸಿದ ಆ ಟ್ಯಾಬನ್ನೇ ಕೊಳ್ಳಲೂ ಬೇಡಿ.

ಖರ್ಚಿನ ಹೋಲಿಕೆ

ಯಾವುದೇ ಉಪಕರಣ ಕೊಳ್ಳುವಾಗ ಮಾಡುವಂತೆ ಇಲ್ಲಿಯೂ ವಾರ್ಷಿಕ ಖರ್ಚು ಲೆಕ್ಕ ಹಾಕಬೇಕು. ಕೆಳಗಿನ ಬೆಲೆಗಳು ಲೆಕ್ಕ ತಿಳಿಯಲು ಹಿಡಿದವು. ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ.

ನೀರು ತಡೆಯುವ ಟ್ಯಾಬ್: ಬೆಲೆ ರೂ. 36,000, ಕವಚ ರೂ. 2,000, ಒಟ್ಟು ರೂ. 38,000. ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ರೂ. 9,500.

ಸಾಧಾರಣ ಟ್ಯಾಬ್: ಬೆಲೆ ರೂ. 15,000, ಕವಚ ರೂ. 1,000, ಒಟ್ಟು ರೂ. 16,000. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 4,000.

ಸಾಧಾರಣ ಟ್ಯಾಬ್ ನಡುವೆ ಒಮ್ಮೆ ನೀರು ಬಿದ್ದು ಪೂರ್ತಿ ಹಾಳಾಗಿ ಇನ್ನೊಂದನ್ನು ಕೊಂಡರೂ ಒಟ್ಟು ರೂ. 31,000, ಅಂದರೆ ವರ್ಷಕ್ಕೆ ರೂ. 7,750 ಆಗುತ್ತದೆ. ಎರಡು ಬಾರಿ ಹಾಳಾದರೆ ಮಾತ್ರ ರೂ. 46,000 ಆಗಿ, ವರ್ಷಕ್ಕೆ ರೂ. 11,500 ಬೀಳುತ್ತದೆ. ಈ ಬೆಲೆಗಳಲ್ಲಿ, ನಾಲ್ಕು ವರ್ಷದಲ್ಲಿ ಎರಡು ಟ್ಯಾಬ್ ನೀರಿಗೆ ಕಳೆದುಕೊಳ್ಳುವಂಥ ಕೆಲಸ ನಿಮ್ಮದಾದರೆ ಮಾತ್ರ ದುಬಾರಿ ಟ್ಯಾಬ್ ಲಾಭದಾಯಕ.

ನಿಮ್ಮ ಕೆಲಸ ಎಂಥದು ಎಂದು ತಿಳಿಯಲು ಒಂದು ವಾರ ಫೋನಿನ ಮೇಲೆ ನಿಗಾ ಇಡಿ. ಅದನ್ನು ಎಲ್ಲೆಲ್ಲಿ ಬಳಸಿದಿರಿ, ಎಷ್ಟು ಬಾರಿ ಒದ್ದೆ ಕೈಯಲ್ಲಿ ಹಿಡಿದಿರಿ ಎಂದು ಚೀಟಿಯಲ್ಲಿ ಬರೆಯಿರಿ. ನೋಡುವುದೆಲ್ಲ ರಾತ್ರಿ ಊಟದ ನಂತರ ನಡುಮನೆಯಲ್ಲಾದರೆ ಸಾಧಾರಣ ಟ್ಯಾಬ್ ಸಾಕು. ಹಾಲು ಕರೆಯುವ ಕೊಟ್ಟಿಗೆ, ಹನಿ ನೀರಾವರಿಯ ಫಿಲ್ಟರ್, ಅಡಿಕೆ ಬೇಯಿಸುವ ಒಲೆಯ ಬಳಿ ದಿನವೂ ಟ್ಯಾಬ್ ಇರಲೇಬೇಕೆಂದಾದರೆ ನೀರು ಮತ್ತು ದೂಳು ಎರಡನ್ನೂ ತಡೆಯುವ, ತೆಳುವಾದುದಕ್ಕಿಂತ ಗಟ್ಟಿಯಾದುದನ್ನು ಆರಿಸಿ.

ಚಾರ್ಜಿನ ವಿದ್ಯುತ್ ಖರ್ಚಿಗೆ ಹೆದರಬೇಕಿಲ್ಲ. 8,000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ ತುಂಬಲು ಒಂದು ಯೂನಿಟ್ಟಿನ ಇಪ್ಪತ್ತರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ.

ಟ್ಯಾಬಿಗೆ ನೀರು ಬಿದ್ದಾಗ

ಮೊದಲು ಚಾರ್ಜಿನಿಂದ ಬಿಡಿಸಿ, ಆರಿಸಿ. ಔಷಧಿ, ಗೊಬ್ಬರದ ನೀರು ಅಥವಾ ಹಾಲು ಬಿದ್ದಿದ್ದರೆ ಸಿಹಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಳಿಕ ಒಣ ಬಟ್ಟೆಯಿಂದ ಒರೆಸಿ. ತೂತು ಕೆಳಮುಖವಾಗುವಂತೆ ನಿಲ್ಲಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದು ದಿನ ಒಣಗಿಸಿ. ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಡಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ವಾಡಿಕೆ ಒಳ್ಳೆಯದಲ್ಲ. ಅಕ್ಕಿಯ ಪುಡಿ ತೂತಿನಲ್ಲಿ ಸೇರಿ ಹಾನಿಯಾಗಬಹುದೆಂದು ಆಪಲ್ ಕಂಪನಿ ತನ್ನ ಫೋನುಗಳ ಬಗ್ಗೆ ಎಚ್ಚರಿಸಿದೆ. ತೂತು ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಲೇಬಾರದು. ಐಪಿ 68 ಇರುವ ಟ್ಯಾಬಿಗೂ ಇದೇ ನಿಯಮ.

ನೆನಪಿನಲ್ಲಿಡಬೇಕಾದ ಅಂಶಗಳು

ಐಪಿ ಗುರುತಿನ ಎರಡೂ ಅಂಕೆಗಳನ್ನು ಓದಿ. ಬಯಲು ಸೀಮೆಯಲ್ಲಿ ದೂಳು, ಕಾವು, ಬಿಸಿಲುಗಳಿಗೆ ಮೊದಲ ಗಮನ ಕೊಡಿ. ತೆಳುತನಕ್ಕೆ ಹಣ ಕೊಡುವ ಮೊದಲು ಕವಚ ಹಾಕಿ ನೋಡಿ. ಒಂದು ವಾರದ ಚೀಟಿ ಬರೆದು, ಮೇಲಿನಂತೆ ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗಿ.

ಅಭ್ಯಾಸ

1. ಒಂದು ಟ್ಯಾಬಿನ ಮೇಲೆ ‘ಐಪಿ ಎಕ್ಸ್ 8’ ಎಂದಿದೆ. ರಾಗಿ ಕಣದಲ್ಲಿ ಬಳಸಲು ಅದನ್ನು ಆರಿಸಬಹುದೇ? ಕಾರಣ ಕೊಡಿ.

2. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಎರಡು ಬಗೆಯ ಟ್ಯಾಬುಗಳ ವಾರ್ಷಿಕ ಖರ್ಚನ್ನು ಲೆಕ್ಕ ಮಾಡಿ. ಎಷ್ಟು ಬಾರಿ ನೀರಿಗೆ ಕಳೆದುಕೊಂಡರೆ ಎರಡೂ ಸಮವಾಗುತ್ತವೆ?