ಗುಡ್ಡ ಗೆಲ್ಲುವವರಿಗೆ ಎಂಟು ಸೂತ್ರಗಳು

ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಕುರುಚಲು ಗುಡ್ಡಗಳಲ್ಲಿ ಮೌಂಟೇನ್ ಬೈಕ್ ಓಡಿಸುವುದು ಗಟ್ಟಿಗರ ಕೆಲಸ. ಗರಸು ಮಣ್ಣು, ಕಾಲಡಿ ಜಾರುವ ಕಲ್ಲು, ಜಾಲಿ ಮುಳ್ಳು, ನೆತ್ತಿ ಸುಡುವ ಬಿಸಿಲು. ಇಲ್ಲಿ ತೊಡೆಯ ಬಲವೊಂದೇ ಸಾಲದು. ಏರು ಎದುರಾಗುವ ಮೊದಲೇ ಯಾರು ಸಿದ್ಧರಾಗಿರುತ್ತಾರೋ ಅವರೇ ತುದಿ ಮುಟ್ಟುತ್ತಾರೆ. ಪರೀಕ್ಷೆಗೂ ಪ್ರಮೋಷನ್‌ಗೂ ಇದೇ ನಿಯಮ. ಈ ಎಂಟು ಸೂತ್ರ ಹಿಡಿಯಿರಿ.

1. ದಾರಿಯನ್ನು ಮೊದಲು ಓದಿ
ಹಿಂದಿನ ರಾತ್ರಿಯೇ ಮ್ಯಾಪ್ ತೆರೆಯಿರಿ. ಎಷ್ಟು ಕಿಲೋಮೀಟರ್ ಎಂದು ನೋಡಿದರೆ ಸಾಲದು, ಎಷ್ಟು ಮೀಟರ್ ಏರು ಎಂದು ಲೆಕ್ಕ ಹಾಕಿ. ಒಂದು ಕಿಲೋಮೀಟರಿಗೆ 100 ಮೀಟರ್ ಏರಿದರೆ ಅದು ಶೇ 10ರ ಏರು. ಕಚ್ಚಾ ದಾರಿಯಲ್ಲಿ ಹೊಸಬರಿಗೆ ಏದುಸಿರು ಖಚಿತ. ದೊಡ್ಡಉಳ್ಳಾರ್ತಿ ಸುತ್ತಲಿನ ಕಾವಲುಗಳಲ್ಲಿ ಡಿಆರ್‌ಡಿಒ, ಇಸ್ರೊ ಜಾಗಗಳಿವೆ. ಬೇಲಿ ಕಂಡಲ್ಲಿ ಹಿಂತಿರುಗಿ. ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ. ಪರೀಕ್ಷೆಗೂ ಅಷ್ಟೇ: ಸಿಲಬಸ್ ಮತ್ತು ಕಟ್‌ಆಫ್ ಗೊತ್ತಿಲ್ಲದೆ ಓದಲು ಕೂತರೆ ಶ್ರಮ ದಾರಿ ತಪ್ಪುತ್ತದೆ.

2. ಕಷ್ಟವನ್ನು ಮನೆ ಹತ್ತಿರವೇ ಅಭ್ಯಾಸ ಮಾಡಿ
ಚಂದ್ರಯಾನ-2ರ ಲ್ಯಾಂಡರ್ ಸೆನ್ಸರ್‌ಗಳನ್ನು ಪರೀಕ್ಷಿಸಲು ಇಸ್ರೊ ಇದೇ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತು. ನೀವೂ ಹಾಗೇ ಮಾಡಿ. ಊರಾಚೆಯ ಒಂದು ಗರಸು ದಿಬ್ಬ ಆರಿಸಿ, ಅದನ್ನೇ ಮತ್ತೆ ಮತ್ತೆ ಏರಿ. ಪರೀಕ್ಷೆ ಇದೆಯೇ? ಗಡಿಯಾರ ಮುಂದಿಟ್ಟು ಮಾಕ್ ಟೆಸ್ಟ್ ಬರೆಯಿರಿ. ನಿಜವಾದ ದಿನ ಯಾವುದೂ ಹೊಸತು ಅನ್ನಿಸಬಾರದು.

3. ಪ್ರತಿ ಸಲ ಒಂದು ಮೆಟ್ಟಿಲು ಮೇಲೇರಿ
ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊದ ಮರುಬಳಕೆ ಉಡಾವಣಾ ವಾಹನ ‘ಪುಷ್ಪಕ್’ ಕಲಿತದ್ದು ಹೀಗೆ. ಪ್ರತಿ ಸಲವೂ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. 2023ರ ಏಪ್ರಿಲ್ 2ರಂದು ಅದು ತಾನಾಗಿಯೇ ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22ರಂದು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು ಜೋರು ಅಡ್ಡಗಾಳಿಯ ನಡುವೆ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಮೂರೂ ಸಲ ಸರಿಯಾಗಿ ಇಳಿಯಿತು. ಈ ವಾರ ಒಂದು ಏರು ಗೆದ್ದರೆ ಮುಂದಿನ ವಾರ ಸ್ವಲ್ಪ ಕಡಿದಾದದ್ದನ್ನು ಆರಿಸಿ. ಗೆದ್ದಲ್ಲೇ ಸುತ್ತುವವರು ಬೆಳೆಯುವುದಿಲ್ಲ.

4. ಮುಳ್ಳು ಚುಚ್ಚಿಯೇ ಚುಚ್ಚುತ್ತದೆ ಎಂದುಕೊಂಡೇ ಹೊರಡಿ
ಜಾಲಿ ಮುಳ್ಳು ಟೈರಿನ ಗುರಿ ತಪ್ಪುವುದು ಅಪರೂಪ. ಸ್ಪೇರ್ ಟ್ಯೂಬ್, ಪ್ಯಾಚ್, ಪಂಪ್, ಟೈರ್ ಲಿವರ್ ಬ್ಯಾಗಿನಲ್ಲಿರಲಿ. ಸಾಧ್ಯವಾದರೆ ಟ್ಯೂಬ್‌ಲೆಸ್ ಟೈರ್ ಹಾಕಿಸಿ, ಸೀಲಂಟ್ ತುಂಬಿಸಿ. ಸಣ್ಣ ತೂತು ಓಡುತ್ತಲೇ ಮುಚ್ಚಿಕೊಳ್ಳುತ್ತದೆ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ. ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯವರಿಗೆ ತಿಳಿಸಿ. ಬ್ಯಾಕಪ್ ಇರುವವರಿಗೆ ಅಡ್ಡಿ ಎಂದರೆ ಹತ್ತು ನಿಮಿಷದ ತಡ ಅಷ್ಟೇ.

5. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ
ಏರಿನ ಮಧ್ಯೆ ಜೋರಾಗಿ ತುಳಿಯುತ್ತಲೇ ಗೇರ್ ಬದಲಿಸಿದರೆ ಚೈನ್ ಮೇಲೆ ಭಾರ ಬಿದ್ದು ಕಳಚಬಹುದು, ತುಂಡಾಗಲೂಬಹುದು. ಬುಡದಲ್ಲೇ ಹಗುರ ಗೇರಿಗೆ ಬನ್ನಿ. ಪೆಡಲ್ ಒಂದೇ ಲಯದಲ್ಲಿ ತಿರುಗಲಿ. ಆಫೀಸಿನಲ್ಲೂ ಡೆಡ್‌ಲೈನ್ ವಾರಕ್ಕೆ ಮೊದಲೇ ಬಾಕಿ ಮೇಲ್, ಮೀಟಿಂಗ್ ಮುಗಿಸಿಕೊಳ್ಳಿ. ಭಾರ ಬೀಳುವ ಹೊತ್ತಿಗೆ ನಿಮ್ಮ ಕೈ ಖಾಲಿ ಇರಬೇಕು.

6. ಕೂತೇ ಏರಿ, ದೃಷ್ಟಿ ಮುಂದಿಡಿ
ಸಡಿಲ ಮಣ್ಣಿನಲ್ಲಿ ಎದ್ದು ತುಳಿದರೆ ಹಿಂದಿನ ಚಕ್ರ ಇದ್ದಲ್ಲೇ ತಿರುಗುತ್ತದೆ. ಸೀಟಿನ ಮುಂತುದಿಗೆ ಜರುಗಿ, ಎದೆಯನ್ನು ಹ್ಯಾಂಡಲ್ ಕಡೆ ಬಗ್ಗಿಸಿ. ಆಗ ಹಿಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ, ಮುಂದಿನದು ಮೇಲೇಳುವುದಿಲ್ಲ. ಕಲ್ಲನ್ನು ದಿಟ್ಟಿಸಬೇಡಿ, ನೋಡಿದ ಕಡೆಗೇ ಬೈಕ್ ಹೋಗುತ್ತದೆ. ಕಲ್ಲುಗಳ ನಡುವಿನ ದಾರಿಯನ್ನೇ ನೋಡಿ. ಕೆಲಸದಲ್ಲೂ ಅಡ್ಡಿಗಳ ಪಟ್ಟಿ ಉದ್ದ ಮಾಡುವುದು ಬಿಟ್ಟು ಮುಂದಿನ ಹೆಜ್ಜೆ ಬರೆದಿಡಿ.

7. ಬಾಯಾರುವ ಮೊದಲೇ ಕುಡಿಯಿರಿ
ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಗುಡ್ಡದ ಮೇಲೆ ನೀರು ಸಿಕ್ಕೀತು ಎಂದು ನಂಬಬೇಡಿ. ಬೆಳಕು ಹರಿಯುತ್ತಲೇ ಹೊರಡಿ, ಬಿಸಿಲೇರುವ ಮೊದಲು ಇಳಿಯಿರಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ನೀರು ಒಯ್ಯಿರಿ, ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿ. ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಬೆಲ್ಲವೋ ತಿನ್ನಿ. ಸುಸ್ತಾದ ಮೇಲೆ ತಿಂದದ್ದು ಆ ಏರಿಗೆ ಒದಗುವುದಿಲ್ಲ. ನಿದ್ದೆಗೆಟ್ಟು ಓದುವವರಿಗೂ ಇದೇ ಮಾತು: ವಿಶ್ರಾಂತಿಗೆ ಟೈಮ್‌ಟೇಬಲ್‌ನಲ್ಲಿ ಜಾಗ ಕೊಡಿ.

8. ತಿರುವಿಗೆ ಮೊದಲೇ ವೇಗ ತಗ್ಗಿಸಿ
ತುದಿ ಮುಟ್ಟಿದ ಮೇಲೆ ಮೈಮರೆಯಬೇಡಿ. ಇಳಿಜಾರಿನಲ್ಲಿ ಪೆಡಲ್‌ಗಳನ್ನು ಸಮಮಟ್ಟದಲ್ಲಿಟ್ಟು ನಿಲ್ಲಿ, ಸೊಂಟ ಹಿಂದಕ್ಕೆ ತನ್ನಿ, ಮೊಣಕೈ ಸಡಿಲ ಬಿಡಿ. ತಿರುವು ಬರುವ ಮೊದಲೇ ಎರಡೂ ಬ್ರೇಕ್ ಮೆಲ್ಲಗೆ ಒತ್ತಿ. ಪುಷ್ಪಕ್ ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿದಾಗ ಮೊದಲು ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಿದರು, ಆಮೇಲೆಯೇ ಚಕ್ರದ ಬ್ರೇಕ್ ಹಾಕಿದರು. ಗೆಲುವಿನ ಮರುದಿನವೂ ಇದೇ ಶಿಸ್ತು ಬೇಕು. ರ‍್ಯಾಂಕ್ ಬಂದಿತೇ? ಇಂಟರ್‌ವ್ಯೂ ತಯಾರಿ ಅಂದೇ ಶುರುವಾಗಲಿ.

ಇಷ್ಟಾದರೂ ಏರಿನ ಮಧ್ಯೆ ‘ನನ್ನಿಂದ ಆಗುತ್ತಾ?’ ಅನ್ನಿಸಬಹುದು. ಅದು ಬರೀ ಅಭ್ಯಾಸ. ಬೇರೆ ಅಭ್ಯಾಸದಿಂದ ಅದನ್ನು ಅಳಿಸಬಹುದು. ಹತ್ತು ಪೆಡಲ್ ಎಣಿಸಿ, ಮುಗಿದೊಡನೆ ಇನ್ನು ಹತ್ತು ಎಣಿಸಿ. ಎಣಿಸುವ ಮನಸ್ಸಿಗೆ ಅಂಜಲು ಪುರುಸೊತ್ತು ಇರುವುದಿಲ್ಲ. ಕಾಲು ನಿಜಕ್ಕೂ ಸೋತರೆ ಇಳಿದು ತಳ್ಳಿ, ಆದರೆ ಮೇಲಕ್ಕೇ ತಳ್ಳಿ. ಬರುವ ಭಾನುವಾರಕ್ಕೆ ಒಂದು ದಿಬ್ಬ ಗೊತ್ತು ಮಾಡಿ, ಜೊತೆಗೆ ಗೆಳೆಯರೊಬ್ಬರನ್ನು ಕರೆಯಿರಿ, ಇವತ್ತೇ ಟೈರಿಗೆ ಗಾಳಿ ನೋಡಿ.