ಕಿರುಮಾದರಿ ಯುದ್ಧವಾಹನಗಳ ರಚನೆ: ಹವ್ಯಾಸವೂ ಆರೋಗ್ಯವೂ

ದುಡಿಮೆಯಷ್ಟೇ ವಿಶ್ರಾಂತಿಯೂ ಮನುಷ್ಯನಿಗೆ ಅವಶ್ಯಕವೆಂಬುದು ಸರ್ವವಿದಿತ. ಆದರೆ ವಿಶ್ರಾಂತಿಯೆಂದರೆ ಸುಮ್ಮನೆ ಕುಳಿತಿರುವುದಲ್ಲ. ಕೈಗೂ ಮನಸ್ಸಿಗೂ ಪ್ರಿಯವಾದ ಬೇರೊಂದು ಕೆಲಸವನ್ನು ಕೊಡುವುದು. ಬೆಳಗಿನಿಂದ ಸಂಜೆಯವರೆಗೆ ಕಚೇರಿ, ಲೋಕಲ್ ರೈಲು, ಬಸ್ಸುಗಳ ನೂಕುನುಗ್ಗಲಿನಲ್ಲಿ ಸವೆಯುವ ಮಹಾನಗರದ ಜೀವಕ್ಕೆ ಇಂಥದೊಂದು ಹವ್ಯಾಸ ಔಷಧಪ್ರಾಯವಾಗಬಲ್ಲದು. ಅಂತಹ ಹವ್ಯಾಸಗಳಲ್ಲಿ ವಿಮಾನ, ಟ್ಯಾಂಕು ಮುಂತಾದ ಯುದ್ಧವಾಹನಗಳ ಕಿರುಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದೂ ಒಂದು. ಶಾಲಾ ಬಾಲಕರಿಂದ ಹಿಡಿದು ನಿವೃತ್ತರವರೆಗೆ ಅನೇಕರು ಇದರಲ್ಲಿ ತೊಡಗಿದ್ದಾರೆ. ಈ ಕಲೆಯ ಸ್ಥೂಲ ಪರಿಚಯವನ್ನೂ, ಅದನ್ನು ನಮ್ಮ ಕಿರಿದಾದ ಮನೆಗಳಲ್ಲಿ ಆರೋಗ್ಯಕ್ಕೆ ಕುಂದಿಲ್ಲದಂತೆ ನಡೆಸುವ ವಿಧಾನವನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಪ್ರಮಾಣ ಎಂದರೇನು?

ಕಿರುಮಾದರಿಗೂ ಸಾಮಾನ್ಯ ಆಟಿಕೆಗೂ ಇರುವ ವ್ಯತ್ಯಾಸವೆಂದರೆ ಪ್ರಮಾಣ. ಮೂಲವಸ್ತುವಿನ ಪ್ರತಿಯೊಂದು ಅಳತೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಮಾದರಿಯನ್ನು ರಚಿಸಲಾಗುತ್ತದೆ. ವಿಮಾನಗಳಿಗೆ 1/72 ಮತ್ತು 1/48, ಟ್ಯಾಂಕುಗಳಿಗೆ 1/35 ಬಹುವಾಗಿ ಬಳಕೆಯಲ್ಲಿರುವ ಪ್ರಮಾಣಗಳು. 1/72ರಲ್ಲಿ ಆರು ಅಡಿಯ ಸೈನಿಕ ಸರಿಯಾಗಿ ಒಂದು ಅಂಗುಲವಾಗುತ್ತಾನೆ.

ನಮ್ಮವರಿಗೆ ಆತ್ಮೀಯವಾದ ಉದಾಹರಣೆಯೆಂದರೆ ನ್ಯಾಟ್ ವಿಮಾನ. ಬ್ರಿಟನ್ನಿನ ಫೋಲಂಡ್ ಸಂಸ್ಥೆ ರೂಪಿಸಿದ ಈ ಪುಟ್ಟ ಯುದ್ಧವಿಮಾನವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ಪರವಾನಗಿ ಪಡೆದು ತಯಾರಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಹೋರಾಡಿ ಪ್ರಾಣಾರ್ಪಣೆ ಮಾಡಿ ಪರಮವೀರಚಕ್ರ ಪಡೆದ ಫ್ಲೈಯಿಂಗ್ ಆಫೀಸರ್ ನಿರ್ಮಲಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ಇದನ್ನೇ. ಅದರ ಉದ್ದ 8.74 ಮೀಟರ್, ರೆಕ್ಕೆಗಳ ಹರವು 6.73 ಮೀಟರ್. 1/72 ಪ್ರಮಾಣದಲ್ಲಿ ಅದು ಹನ್ನೆರಡು ಸೆಂಟಿಮೀಟರಿಗೆ ತುಸು ಮಿಕ್ಕ ಉದ್ದದ, ಒಂಬತ್ತೂವರೆ ಸೆಂಟಿಮೀಟರಿಗೆ ತುಸು ಕಡಿಮೆ ಅಗಲದ ವಸ್ತು. ಅಂಗೈಯಲ್ಲಿ ಸುಲಭವಾಗಿ ಹಿಡಿಯುತ್ತದೆ.

ಇಲ್ಲೊಂದು ವಿಷಯವನ್ನು ಮನಗಾಣಬೇಕು. ವಿಮಾನ 72 ಪಟ್ಟು ಚಿಕ್ಕದಾದರೂ ಅದನ್ನು ಜೋಡಿಸುವ ಅಂಟಿನ ಆವಿ, ಬಣ್ಣದ ತುಂತುರು, ಕತ್ತಿಯ ಅಲಗು ಇವು ಚಿಕ್ಕದಾಗುವುದಿಲ್ಲ. ಕಾರ್ಖಾನೆಯ ಕೆಲಸಗಾರನಿಗೆ ಹೇಳುವ ಎಚ್ಚರಿಕೆಗಳೆಲ್ಲ ಮನೆಯ ಮೇಜಿಗೂ ಅನ್ವಯಿಸುತ್ತವೆ. ಕಾರ್ಖಾನೆಯಲ್ಲಿ ಅಡುಗೆ ಒಲೆಯಿರುವುದಿಲ್ಲ, ಮಗು ಮಲಗಿರುವುದಿಲ್ಲ. ಒಂದು ಕೋಣೆಯ ಮನೆಯಲ್ಲಿ ಇವೆರಡೂ ಇರುತ್ತವೆ.

ಸಂಕ್ಷಿಪ್ತ ಇತಿಹಾಸ

1936ರಲ್ಲಿ ಬ್ರಿಟನ್ನಿನ ಫ್ರಾಗ್ ಸಂಸ್ಥೆ 'ಪೆಂಗ್ವಿನ್' ಎಂಬ ಹೆಸರಿನಲ್ಲಿ 1/72 ಪ್ರಮಾಣದ ಪ್ಲಾಸ್ಟಿಕ್ ವಿಮಾನಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧ ಈ ಆಟಕ್ಕೆ ಗಂಭೀರವಾದ ಪ್ರಯೋಜನವನ್ನು ಒದಗಿಸಿತು. ಆಕಾಶದಲ್ಲಿ ಕಾಣುವ ವಿಮಾನ ಮಿತ್ರನದೋ ಶತ್ರುವಿನದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸಲು ಸೈನಿಕರಿಗೆ ತರಬೇತಿ ಬೇಕಾಗಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಇದಕ್ಕಾಗಿ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೋರಿತು. 1/72ರ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿಯಿಂದ ನೋಡಿದಂತಾಗುತ್ತದೆ.

ಯುದ್ಧಾನಂತರ ಪಾಲಿಸ್ಟೈರೀನ್ ಎಂಬ ಅಗ್ಗದ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತುವ ವಿಧಾನ ಬಂದು ಹವ್ಯಾಸ ಮನೆಮನೆಗೆ ಹಬ್ಬಿತು. ಜಪಾನಿನ ಶಿಜುಓಕಾ ನಗರದ ತಮಿಯಾ ಸಂಸ್ಥೆ 1961ರಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಾಗ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಷ್ಟು ಗಾತ್ರವನ್ನು ಆರಿಸಿಕೊಂಡಿತು. ಅದರಿಂದ ಒದಗಿದ 1/35 ಎಂಬ ಪ್ರಮಾಣವೇ ಇಂದಿಗೂ ಟ್ಯಾಂಕುಗಳಿಗೆ ರೂಢಿಯಾಗಿದೆ.

ಜೋಡಣೆಯ ಕ್ರಮ

ಪೆಟ್ಟಿಗೆಯಲ್ಲಿ ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅಚ್ಚಿನ ಎಣ್ಣೆಯ ಅಂಶ ಹೋಗುವಂತೆ ಅವನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸುವುದು ಮೊದಲ ಕೆಲಸ. ಭಾಗಗಳನ್ನು ಕೈಯಿಂದ ಮುರಿಯದೆ ಚಿಕ್ಕ ಇಕ್ಕುಳದಿಂದ ಕತ್ತರಿಸಬೇಕು. ಉಳಿದ ತುಣುಕನ್ನು ಚೂರಿಯಿಂದ ತೆಗೆಯುವಾಗ ಅಲಗು ಸದಾ ಬೆರಳಿನಿಂದ ಹೊರಮುಖವಾಗಿ ಚಲಿಸಬೇಕು. ಮೊಂಡಾದ ಅಲಗು ಹೆಚ್ಚು ಒತ್ತಡ ಕೇಳುವುದರಿಂದ ಹರಿತವಾದುದಕ್ಕಿಂತ ಅಪಾಯಕಾರಿ. ಚೂರಿ ಮೇಜಿನಿಂದ ಉರುಳಿದರೆ ಹಿಡಿಯಲು ಹೋಗಬಾರದು, ತೊಡೆಗಳನ್ನು ಕೂಡಿಸಲೂಬಾರದು, ಬೀಳಲು ಬಿಡಬೇಕು. ಸಣ್ಣ ತುಣುಕುಗಳೂ ಹಿತ್ತಾಳೆಯ ಭಾಗಗಳೂ ಸಿಡಿಯುವ ಸಂಭವವಿರುವುದರಿಂದ ಕನ್ನಡಕ ಧರಿಸುವುದು ಲೇಸು.

ಅಂಟು ಹಚ್ಚುವ ಮೊದಲು ಭಾಗಗಳನ್ನು ಒಣದಾಗಿಯೇ ಜೋಡಿಸಿ ನೋಡಬೇಕು. ಬಿರುಕುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜಬೇಕು. ಒಣ ಉಜ್ಜುವಿಕೆಯಿಂದ ಏಳುವ ನವಿರಾದ ಧೂಳು ಶ್ವಾಸಕೋಶಕ್ಕೆ ಸೇರುತ್ತದೆ. ನೀರು ಅದನ್ನು ಹಿಡಿದಿಡುತ್ತದೆ. ರೆಸಿನ್‌ನಿಂದ ಎರಕಹೊಯ್ದ ಭಾಗಗಳ ವಿಷಯದಲ್ಲಿ ಈ ನಿಯಮವನ್ನು ಎಂದೂ ಮೀರಕೂಡದು. ಮೂರು ಆಯಾಮದ ಮುದ್ರಣಯಂತ್ರದಲ್ಲಿ ಬಳಸುವ ದ್ರವ ರೆಸಿನ್ ಗಟ್ಟಿಯಾಗುವ ಮುನ್ನ ಚರ್ಮಕ್ಕೆ ಸೋಕಿದರೆ ಅಲರ್ಜಿ ಹುಟ್ಟಿಸಬಲ್ಲದು, ಕೈಗವಸು ಕಡ್ಡಾಯ.

ಅಂಟು ಮತ್ತು ಅದರ ಆವಿ

ಪ್ಲಾಸ್ಟಿಕ್ ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಅಸಿಟೋನ್, ಬ್ಯುಟೈಲ್ ಅಸಿಟೇಟ್ ಇದರಲ್ಲಿರುವ ಸಾಮಾನ್ಯ ದ್ರವ್ಯಗಳು. ಹಳೆಯ ಬಗೆಯ ಕೆಲವು ಅಂಟುಗಳಲ್ಲಿ ಟಾಲೀನ್ ಇರುತ್ತಿತ್ತು. ಈ ಆವಿಗಳನ್ನು ಹೆಚ್ಚಾಗಿ ಸೇವಿಸಿದರೆ ತಲೆನೋವು, ತಲೆಸುತ್ತು, ಓಕರಿಕೆ ಉಂಟಾಗುತ್ತವೆ. ಟಾಲೀನನ್ನು ದೀರ್ಘಕಾಲ ವಿಪರೀತವಾಗಿ ಸೇವಿಸಿದವರಲ್ಲಿ ಮಿದುಳು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಬಾಲಕರು ಅಮಲಿಗಾಗಿ ಮಾದರಿ ಅಂಟನ್ನು ಮೂಸುವ ಚಟಕ್ಕೆ ಬಿದ್ದುದರಿಂದ ಟೆಸ್ಟರ್ಸ್ ಸಂಸ್ಥೆ 1969ರಲ್ಲಿ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟನ್ನು ಬೆರೆಸಿತು. ಮಗನ ಮೇಜಿನ ಮೇಲೆ ಅಂಟಿನ ಸೀಸೆ ಬೇಗ ಬೇಗ ಖಾಲಿಯಾಗುತ್ತಿದ್ದರೆ ತಂದೆತಾಯಿ ಗಮನಿಸಬೇಕು.

ಈ ಆವಿಗಳ ಎರಡು ಗುಣಗಳನ್ನು ಗೃಹಸ್ಥರು ಅರಿತಿರಬೇಕು. ಮೊದಲನೆಯದಾಗಿ, ಅವು ಗಾಳಿಗಿಂತ ಭಾರ. ನೆಲದತ್ತ ಇಳಿದು ಹರಡುತ್ತವೆ. ಮೇಜಿನ ಬಳಿ ಕುರ್ಚಿಯಲ್ಲಿ ಕುಳಿತ ತಂದೆಗಿಂತ ಚಾಪೆಯ ಮೇಲೆ ಮಲಗಿದ ಮಗುವೇ ಹೆಚ್ಚು ಉಸಿರಾಡುವ ಸಂಭವವಿದೆ. ಎರಡನೆಯದಾಗಿ, ಅವು ಬೇಗ ಹೊತ್ತಿಕೊಳ್ಳುತ್ತವೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ, ದೆಹಲಿಯ ಚಳಿಗಾಲದ ಹೀಟರ್ ಇವು ಯಾವುವೂ ಅದೇ ಕೋಣೆಯಲ್ಲಿ ಉರಿಯುತ್ತಿರಬಾರದು.

ಮೂಗನ್ನು ನಂಬಿ ಕೂಡುವುದೂ ಸರಿಯಲ್ಲ. ಸ್ವಲ್ಪ ಹೊತ್ತಿನಲ್ಲಿ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ವಾಸನೆ ಹೋಯಿತೆಂದರೆ ಆವಿ ಹೋಯಿತೆಂದಲ್ಲ.

ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ಚರ್ಮವನ್ನೂ ಬೆಸೆಯುತ್ತದೆ. ಅದು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗುತ್ತದೆ. ಆದುದರಿಂದ ಅದನ್ನು ಹತ್ತಿಯಿಂದ ಒರೆಸಬಾರದು.

ಬಣ್ಣ

ಬಣ್ಣ ತೆಳುವಾಗಿರಬೇಕು. 1/72ರಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ ಬಳಿದರೂ ಅದು ನಿಜವಾದ ವಿಮಾನಕ್ಕೆ ಏಳು ಮಿಲಿಮೀಟರ್ ಗಾರೆ ಮೆತ್ತಿದಂತೆ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳುಲೇಪ ಮೇಲು. ದೂರದ ವಸ್ತು ತುಸು ಮಾಸಿದಂತೆ ಕಾಣುವುದರಿಂದ ಮಾದರಿಗೆ ಮೂಲಕ್ಕಿಂತ ಸ್ವಲ್ಪ ತಿಳಿಬಣ್ಣವೇ ಒಪ್ಪುತ್ತದೆ. ಕೊನೆಯಲ್ಲಿ ನೀರಿನಲ್ಲಿ ನೆನೆಸಿದ ಚಿಹ್ನೆಗಳನ್ನು ಜಾರಿಸಿ ಕೂರಿಸಬೇಕು. ನಮ್ಮ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಮಧ್ಯದಲ್ಲಿ ಹಸಿರು, ನಂತರ ಬಿಳಿ, ಹೊರಗೆ ಕೇಸರಿ ಇರುವುದನ್ನು ಮರೆಯಬಾರದು.

ಬಣ್ಣಗಳಲ್ಲಿ ಮೂರು ಬಗೆ: ಟರ್ಪೆಂಟೈನ್ ಜಾತಿಯ ದ್ರಾವಕದ ಎನಾಮೆಲ್, ತೀಕ್ಷ್ಣ ದ್ರಾವಕದ ಲ್ಯಾಕರ್, ನೀರಿನಲ್ಲಿ ಅಥವಾ ಮದ್ಯಸಾರದಲ್ಲಿ ಬೆರೆಯುವ ಅಕ್ರಿಲಿಕ್. ಚಿಕ್ಕ ಮನೆಗೆ ನೀರಿನ ಅಕ್ರಿಲಿಕ್ಕನ್ನು ಕುಂಚದಿಂದ ಹಚ್ಚುವುದೇ ಉತ್ತಮ ಮಾರ್ಗ. ಆದರೆ ಏರ್‌ಬ್ರಷ್ಷಿನಿಂದ ಸಿಂಪಡಿಸಿದಾಗ ಅದರ ತುಂತುರೂ ಶ್ವಾಸಕೋಶಕ್ಕೆ ಹಿತವಲ್ಲ. ಸಾಮಾನ್ಯ ಬಟ್ಟೆಯ ಮುಖಗವಸು ಆವಿಯನ್ನು ತಡೆಯದು. ಎನ್-95 ಧೂಳನ್ನೂ ತುಂತುರು ಕಣಗಳನ್ನೂ ತಡೆಯುತ್ತದೆ, ಆವಿಯನ್ನಲ್ಲ. ಲ್ಯಾಕರ್ ಸಿಂಪಡಿಸುವವರಿಗೆ ಇದ್ದಿಲಿನ ಶೋಧಕವುಳ್ಳ ಮುಖವಾಡವೇ ಬೇಕು.

ಕುಂಚದ ತುದಿಯನ್ನು ತುಟಿಗಳ ನಡುವೆ ಚೂಪು ಮಾಡುವ ಅಭ್ಯಾಸವನ್ನು ಸರ್ವಥಾ ತ್ಯಜಿಸಬೇಕು. 1920ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ತರುಣಿಯರು ಹೀಗೆಯೇ ಕುಂಚ ಚೂಪುಮಾಡಿ, ದವಡೆಯ ಮೂಳೆ ಕೊಳೆತು ಸಾವಿಗೀಡಾದರು. ನಮ್ಮ ಬಣ್ಣದಲ್ಲಿ ರೇಡಿಯಂ ಇಲ್ಲದಿರಬಹುದು. ಆದರೆ ಹಳೆಯ ಡಬ್ಬಿಗಳ ಹಳದಿ ಮೊದಲಾದ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮವನ್ನು ನಮ್ಮ ದೇಶದಲ್ಲಿ ರೂಪಿಸಿದ್ದು 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡದಿರುವುದು ಕ್ಷೇಮ.

ಕೋಣೆಯ ವ್ಯವಸ್ಥೆ

ಮೇಜನ್ನು ಕಿಟಕಿಯ ಎದುರಿಗೆ ಹಾಕಬೇಕು. ಗಾಳಿ ಬೆನ್ನಹಿಂದಿನಿಂದ ಬಂದು ಕೆಲಸದ ಮೇಲೆ ಹಾದು ಹೊರಗೆ ಹೋಗುವಂತಿರಬೇಕು. ಗೋಡೆಗೆ ಕೂರಿಸಿದ ಸಾಮಾನ್ಯ ಹವಾನಿಯಂತ್ರಣ ಯಂತ್ರ ಕೋಣೆಯೊಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತದೆ. ಅದನ್ನು ವಾಯುಸಂಚಾರವೆಂದು ಭಾವಿಸಬಾರದು.

ಮುಂಬಯಿಯ ಮಳೆಗಾಲದಲ್ಲಿ ಕಿಟಕಿ ತೆರೆಯುವಂತಿರುವುದಿಲ್ಲ. ತೇವದ ಹವೆಯಲ್ಲಿ ಲ್ಯಾಕರ್ ಬಣ್ಣ ಬಿಳುಪೇರಿ ಕೆಡುವುದೂ ಉಂಟು. ಆ ತಿಂಗಳುಗಳಲ್ಲಿ ಕತ್ತರಿಸುವುದು, ನೀರಿನಲ್ಲಿ ಉಜ್ಜುವುದು, ಒಣಜೋಡಣೆ ಮಾಡಿ ನೋಡುವುದು ಮುಂತಾದ ಕೆಲಸಗಳನ್ನಿಟ್ಟುಕೊಂಡು, ದ್ರಾವಕದ ಕೆಲಸವನ್ನು ಬಿಸಿಲಿನ ದಿನಗಳಿಗೆ ಮೀಸಲಿಡಬೇಕು. ಋತುಮಾನಕ್ಕೆ ತಕ್ಕ ಈ ವಿಭಜನೆಯಿಂದ ಕೆಲಸವೂ ಅಚ್ಚುಕಟ್ಟಾಗುತ್ತದೆ.

ಥಿನ್ನರನ್ನು ತಂಪುಪಾನೀಯದ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಅಗಸೆ ಎಣ್ಣೆಯುಳ್ಳ ತೈಲವರ್ಣ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಬೇಕು. ಗರ್ಭಿಣಿಯರು, ಆಸ್ತಮಾ ಇರುವವರು ದ್ರಾವಕದ ಕೆಲಸದಿಂದ ದೂರವಿರಬೇಕು. ಎಳೆಯ ಮಕ್ಕಳಿಗೆ ಅಂಟಿಲ್ಲದೆ ಒತ್ತಿ ಕೂರಿಸುವ ಮಾದರಿಗಳು ದೊರೆಯುತ್ತವೆ; ಮೂರು ವರ್ಷದೊಳಗಿನವರ ಕೈಗೆ ಯಾವ ಬಿಡಿಭಾಗವೂ ಸಿಗಬಾರದು.

ಕಣ್ಣು ಮತ್ತು ಬೆನ್ನು

ಸಮೀಪದ ಕೆಲಸದಲ್ಲಿ ನಾವು ಕಣ್ಣು ಮಿಟುಕಿಸುವುದನ್ನೇ ಮರೆಯುತ್ತೇವೆ. ಕಣ್ಣು ಒಣಗಿ ಉರಿಯುತ್ತದೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಒಳ್ಳೆಯ ನಿಯಮ. ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಸಹಜ. ಭೂತಗನ್ನಡಿಯಿಂದ ಕಣ್ಣು ಕೆಡುತ್ತದೆಂಬ ಭಯ ನಿರಾಧಾರ. ಆದರೆ ಕೆಲಸಕ್ಕೆ ಕುಳಿತಾಗ ಅಕ್ಷರ ಅಥವಾ ಗೆರೆ ವಕ್ರವಾಗಿ ಕಂಡರೆ ನೇತ್ರವೈದ್ಯರನ್ನು ಕಾಣಲು ತಡಮಾಡಬಾರದು. ಕತ್ತನ್ನು ಕೆಲಸದತ್ತ ಬಗ್ಗಿಸುವ ಬದಲು, ಮೊಳಕೈಗೆ ಆಸರೆ ಕೊಟ್ಟು ಕೆಲಸವನ್ನೇ ಕಣ್ಣಿನತ್ತ ಎತ್ತಿಕೊಳ್ಳಬೇಕು. ಗಂಟೆಗೊಮ್ಮೆ ಎದ್ದು ನಡೆದಾಡಬೇಕು.

ಪ್ರಥಮ ಚಿಕಿತ್ಸೆ

1. ತಲೆಸುತ್ತು ಬಂದರೆ ತಕ್ಷಣ ಹೊರಗಿನ ಗಾಳಿಗೆ ಬರಬೇಕು.

2. ದ್ರಾವಕ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು.

3. ಮಗು ಥಿನ್ನರ್ ಕುಡಿದರೆ ವಾಂತಿ ಮಾಡಿಸಕೂಡದು. ಉಪ್ಪುನೀರು ಕುಡಿಸುವ ಮನೆಮದ್ದೂ ಸಲ್ಲದು. ವಾಂತಿಯ ವೇಳೆ ದ್ರವ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಡಬ್ಬಿಯನ್ನೂ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

4. ಬೆರಳುಗಳು ಅಂಟಿಕೊಂಡರೆ ಎಳೆಯದೆ ಬಿಸುಪಾದ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಹೊರಳಿಸಿ ಬಿಡಿಸಬೇಕು. ರೆಪ್ಪೆ ಅಂಟಿಕೊಂಡರೆ ಬಲವಂತಪಡಿಸದೆ ವೈದ್ಯರ ಬಳಿಗೆ ಹೋಗಬೇಕು.

5. ಗಾಯವಾದರೆ ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿಹಿಡಿಯಬೇಕು. ಗಾಯ ಆಳವಾಗಿದ್ದರೆ ಹೊಲಿಗೆಯ ಅಗತ್ಯವನ್ನೂ ಧನುರ್ವಾಯುವಿನ ಚುಚ್ಚುಮದ್ದನ್ನೂ ವೈದ್ಯರಲ್ಲಿ ವಿಚಾರಿಸಬೇಕು.

ಉಪಸಂಹಾರ

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿ ಯಾರೂ ಹಿಂಜರಿಯಬೇಕಾಗಿಲ್ಲ. ತೆರೆದ ಕಿಟಕಿ, ಆರಿದ ಒಲೆ, ಮುಚ್ಚಿದ ಸೀಸೆ, ಬಾಯಿಗೆ ಸೋಕದ ಕುಂಚ ಈ ನಾಲ್ಕನ್ನು ಪಾಲಿಸಿದರೆ ಅಪಾಯದ ಬಹುಭಾಗ ಕಳೆದಂತೆಯೇ. ರಜಾದಿನದಲ್ಲಿ ಮಕ್ಕಳನ್ನು ಕರೆದುಕೊಂಡು ದೆಹಲಿಯ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯಕ್ಕಾಗಲಿ, ಪುಣೆಯವರು ಅಹಿಲ್ಯಾನಗರದ ಟ್ಯಾಂಕು ಸಂಗ್ರಹಾಲಯಕ್ಕಾಗಲಿ, ಊರಿಗೆ ಹೋದಾಗ ಬೆಂಗಳೂರಿನಲ್ಲಿ ಎಚ್.ಎ.ಎಲ್. ಸಂಗ್ರಹಾಲಯದಲ್ಲಿರುವ ಮಾರುತ ವಿಮಾನವನ್ನು ನೋಡಲಾಗಲಿ ಹೋಗಬಹುದು. ಮೂಲವನ್ನು ಕಂಡ ಕಣ್ಣು ಮಾದರಿಯನ್ನು ಚೆನ್ನಾಗಿ ತಿದ್ದುತ್ತದೆ. ಯುದ್ಧವಾಹನದ ಹಿಂದೆ ಅದನ್ನು ನಡೆಸಿದ ಮನುಷ್ಯನಿದ್ದನೆಂಬ ಅರಿವನ್ನೂ ಮಕ್ಕಳಲ್ಲಿ ಮೂಡಿಸಬಹುದು. ತಂದೆಯೂ ಮಕ್ಕಳೂ ಒಂದೇ ಮೇಜಿನ ಸುತ್ತ ತಾಳ್ಮೆಯಿಂದ ಕಳೆಯುವ ಆ ಎರಡು ಗಂಟೆ ಮಹಾನಗರದಲ್ಲಿ ಸುಲಭವಾಗಿ ದೊರೆಯುವಂಥದಲ್ಲ. ಅದು ಆರೋಗ್ಯವನ್ನು ಉಳಿಸಿಕೊಂಡೇ ದೊರೆಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.