ಮಾಗಿಯ ಚಳಿಯೂ ಬಾತಿನ ಮರಿಗಳೂ

ಒಂದು ಮಾಗಿಯಲ್ಲಿ ನಮ್ಮ ವಸತಿಗೃಹದ ಹುಡುಗಿಯರು ಆರು ಬಾತಿನ ಮರಿಗಳನ್ನು ಪ್ರೀತಿಯಿಂದ ಬೋಗಣಿಯ ನೀರಿಗೆ ಬಿಟ್ಟರು, ನಾವೂ ತಡೆಯಲಿಲ್ಲ. ಬೆಳಗಾಗುವದರೊಳಗೆ ನಾಲ್ಕು ಸತ್ತಿದ್ದವು.

ಹಿಮ ಬೀಳುವ ದೇಶಗಳಲ್ಲಿ ಬಾತುಗಳ ಪಾದಗಳು ಹೆಪ್ಪುಗಟ್ಟಿ ಕೆಡುವದುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಆ ಭಯವಿಲ್ಲ. ಇಲ್ಲಿಯ ವೈರಿಗಳು ತೇವವೂ ಮೂಡಗಾಳಿಯೂ. ದೊಡ್ಡ ಬಾತಿಗೆ ಎಣ್ಣೆ ಸವರಿದ ಗರಿಗಳೇ ಕಂಬಳಿ. ಕಾವಿನ ಕೋಳಿಯ ಕೆಳಗೆ ಸುಮಾರು 28 ದಿನಕ್ಕೆ ಹೊರಬಂದ ಮರಿಗಳಿಗಾದರೋ ತಾಯಿಬಾತಿನ ಆ ಎಣ್ಣೆ ದೊರೆಯದು. ಅವುಗಳ ತುಪ್ಪಳ ತೊಯ್ದು ಮೈ ತಣ್ಣಗಾಗುವದು.

ಆದಕಾರಣ ಗರಿ ಮೂಡುವ ವರೆಗೆ ಅವನ್ನು ನೀರಿಗಿಳಿಸಬಾರದು; ಕೊಕ್ಕು ಮುಳುಗುವಷ್ಟು ನೀರನ್ನು ಕಿರುಬಾಯಿಯ ಪಾತ್ರೆಯಲ್ಲಿಡಬೇಕು. ಗೂಡಿನಲ್ಲಿ ಒಣಹುಲ್ಲು ಹಾಸಿ, ಮೂಡಣ ಮಗ್ಗಲಿಗೆ ತಟ್ಟಿ ಕಟ್ಟಿ, ಮೇಲ್ಗಡೆ ಗಾಳಿಕಂಡಿ ಬಿಡಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಪಾಠವನ್ನು ಮರಿಗಳನ್ನು ಕಳೆದುಕೊಳ್ಳದೆಯೇ ಕಲಿಯಲಿ.